ಐದು ಗೀರಿನ ನಳಿಗೆ

ಹದಿನಾಲ್ಕನೇ ಕಂತು

ರಾಯ್ಸ್ ಕ್ಯಾಂಟ್ರೆಲ್ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅವನ ರೈಫಲ್ಲಿನ ನಳಿಗೆ ನನ್ನ ಮೇಜಿನ ಮೇಲೆ, ಬಿಳಿ ಟವೆಲಿನ ಮೇಲೆ ಮಲಗಿತ್ತು. ಬೇಕೆಂದೇ ಅಲ್ಲಿಟ್ಟಿದ್ದೆ. ಒಳಗೆ ಕಾಲಿಟ್ಟ ತಕ್ಷಣ ಅವನ ಕಣ್ಣಿಗೆ ಬೀಳಲಿ ಅಂತ.

ಬಿತ್ತು. ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡು ನಿಂತುಬಿಟ್ಟ. ಆರಡಿ ನಾಲ್ಕಂಗುಲದ ಆಳು, ಯಾವ ಬಾಗಿಲಾದರೂ ಬಗ್ಗಿಯೇ ದಾಟಬೇಕಾದವನು. ನಮ್ಮ ಟ್ಯಾಲೋ ಕ್ರೀಕ್ ಕಣಿವೆಯಲ್ಲಿ ಅವನಷ್ಟು ಹುಲ್ಲುಗಾವಲು ಇನ್ನೊಬ್ಬರಿಗಿಲ್ಲ. ಅಂಥವನು ಅವತ್ತು ಫೇಲಾದ ಹುಡುಗನ ಹಾಗೆ ನೆಲ ನೋಡುತ್ತಿದ್ದ.

"ಕೆಲಸ ಆಯ್ತಾ ಮೇಡಮ್?"

"ಆಗ್ತಾ ಇದೆ. ಕೂತ್ಕೋ" ಅಂದೆ.

ಗೊತ್ತಿಲ್ಲದವರಿಗೆ ಒಂದೇ ಮಾತು ಹೇಳುತ್ತೇನೆ: ಹೋದ ಅಕ್ಟೋಬರಿನಲ್ಲಿ, ಎಲ್ಕ್ ಜಿಂಕೆಯ ಬೇಟೆ ಶುರುವಾದ ಮೂರನೇ ದಿನ, ನನ್ನ ಗಂಡ ಆರ್ಲೋ ಈ ಕ್ಯಾಂಟ್ರೆಲ್‌ನ ಜಮೀನಿನ ಮೇಲಿರುವ ದಿಣ್ಣೆಯಲ್ಲಿ ಬೆನ್ನಿಗೆ ಗುಂಡು ತಿಂದು ಸತ್ತ; ದಾರಿತಪ್ಪಿ ಬಂದ ಗುಂಡು ಎಂದು ಬರೆದು ಶೆರಿಫ್ ಕೈತೊಳೆದುಕೊಂಡ, ನಾನು ತೊಳೆದುಕೊಳ್ಳಲಿಲ್ಲ.

ಹೆಣ ಕೊಯ್ದ ಮುದಿ ಡಾಕ್ಟರು ಆ ಗುಂಡನ್ನು ಒಂದು ನಿಮಿಷ ನನ್ನ ಅಂಗೈಗೆ ಹಾಕಿದ್ದರು. ಮೂವತ್ತು ವರ್ಷ ಬಂದೂಕಿನ ಅಂಗಡಿ ನಡೆಸಿದವಳು ನಾನು. ಅಳುವ ಮೊದಲು ಎಣಿಸಿದೆ. ಗುಂಡಿನ ಮೈಮೇಲೆ ಐದು ಗೀರು. ಐದರಲ್ಲಿ ಒಂದರ ಪಕ್ಕ ಕೂದಲಿನಷ್ಟು ತೆಳ್ಳಗೆ ಇನ್ನೊಂದು ಗೀಚು.

ನಳಿಗೆಯೊಳಗೆ ಸುರುಳಿಯಾಗಿ ಕೊರೆದಿರುವ ಕಾಲುವೆಗಳ ಗುರುತು ಅದು. ನಮ್ಮ ಕಡೆ ಅಂಗಡಿಯಿಂದ ಕೊಂಡು ತರುವ ಬೇಟೆ ರೈಫಲ್ಲುಗಳಲ್ಲಿ ಸಾಮಾನ್ಯವಾಗಿ ಆರು ಕಾಲುವೆ, ಇಲ್ಲವೇ ನಾಲ್ಕು. ಐದರ ನಳಿಗೆ ಬೇಕೆಂದರೆ ಹೇಳಿ ಮಾಡಿಸಬೇಕು. ಈ ಕಣಿವೆಯಲ್ಲಿ ಅದನ್ನು ಹೇಳಿ ಮಾಡಿಸಿ, ಲೇತಿಗೆ ಕಟ್ಟಿ, ಕೂರಿಸಿ ಕೊಡುತ್ತಿದ್ದವನು ಒಬ್ಬನೇ, ನನ್ನ ಗಂಡ. ಒಟ್ಟು ಏಳು ಮಾಡಿದ್ದ. ಒಂದು ನಮ್ಮ ಮನೆಯದೇ. ಹನ್ನೊಂದು ತಿಂಗಳಲ್ಲಿ ಐದನ್ನು ಒಂದಲ್ಲ ಒಂದು ನೆಪ ಹೇಳಿ ನೋಡಿ ಬಂದಿದ್ದೆ. ಉಳಿದದ್ದು ಕ್ಯಾಂಟ್ರೆಲ್‌ನ ಮುನ್ನೂರರ ಮ್ಯಾಗ್ನಮ್ ರೈಫಲ್. ಅದು ಅವನ ಕಬ್ಬಿಣದ ಬೀರುವಿನಿಂದ ಆಚೆ ಬಂದದ್ದನ್ನು ಯಾರೂ ನೋಡಿರಲಿಲ್ಲ.

ಸೋಮವಾರ ಬೆಳಗ್ಗೆ ತಾನಾಗಿಯೇ ಬಂತು. ಅವನೇ ಚೀಲದಲ್ಲಿ ಹಾಕಿ ತಂದು ಮೇಜಿನ ಮೇಲಿಟ್ಟು, ನಳಿಗೆ ಬದಲಾಯಿಸಿಕೊಡಿ ಅಂದ.

ಒರೆಸುವ ಬಟ್ಟೆ ಕೈಗೆತ್ತಿಕೊಂಡೆ. ಎರಡು ತಿರುಪು ಬಿಚ್ಚಿ, ಭುಜಕ್ಕೆ ಆನಿಸುವ ಮರದ ಹಿಡಿಯಿಂದ ಕಬ್ಬಿಣವನ್ನು ಎತ್ತಿ, ಹಿಡಿಯನ್ನು ಹಾಗೇ ಚೀಲಕ್ಕೆ ತಳ್ಳಿ ಮೇಜಿನ ಕೆಳಗೆ ಒದ್ದೆ. ತಂತಿಯ ಕ್ಯಾಮೆರಾ ನಳಿಗೆಗೆ ಇಳಿಬಿಟ್ಟೆ. ಐದು ಕಾಲುವೆ. ಮೂತಿಯ ಹತ್ತಿರ ಒಂದರ ಏಣಿನಲ್ಲಿ ಗೀಚು. ಒಳಗೆಲ್ಲ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಮುನ್ನೂರು ಗುಂಡೂ ಹಾರಿರಲಾರದು. ಮ್ಯಾಗ್ನಮ್ ನಳಿಗೆ ಎಷ್ಟೇ ಬೇಗ ಸುಟ್ಟುಹೋಗುತ್ತದೆಂದರೂ ಸಾವಿರಕ್ಕೆ ಮೋಸವಿಲ್ಲ. ಇಂಥದ್ದನ್ನು ಯಾವ ಬೇಟೆಗಾರ ಕಿತ್ತು ಎಸೆಯುತ್ತಾನೆ?

ಹಳೆಯದನ್ನು ಮನೆಗೆ ಒಯ್ಯುತ್ತೀಯಾ ಅಂತ ಕೇಳಿದೆ. ಬೇಡ, ನೀವೇ ಇಟ್ಟುಕೊಳ್ಳಿ ಅಂದ. ನಮ್ಮ ಕಡೆ ಹಾಗೆ ಯಾರೂ ಅನ್ನುವುದಿಲ್ಲ. ಪೂರ್ತಿ ಸವೆದ ನಳಿಗೆಯನ್ನೂ ಒಯ್ದು ಟೊಮೆಟೊ ಗಿಡಕ್ಕೆ ಊರುಗೋಲು ಮಾಡಿಕೊಳ್ಳುವ ಜನ ನಾವು.

ಹೋಗುವಾಗ ಬಾಗಿಲಲ್ಲಿ ನಿಂತು, ಮರವನ್ನೂ ಒಂದ್ಸಲ ನೋಡಿ ಮೇಡಮ್, ಮರ ನೀವೇ ಮಾಡಿದ್ದಲ್ವಾ, ಅಂದ. ಗಾಡಿ ಹತ್ತಿದವನು ಮತ್ತೆ ಇಳಿದು ಬಂದು ಅದನ್ನೇ ಇನ್ನೊಮ್ಮೆ ಹೇಳಿದ. ನನಗೆ ಮೈ ಉರಿದುಹೋಯಿತು. ನನ್ನ ಗಂಡನ ಜೀವ ತೆಗೆದ ಬಂದೂಕಿಗೆ ನಾನು ಎಣ್ಣೆ ತಿಕ್ಕಿ ಹೊಳಪು ಕೊಡಬೇಕಂತೆ.

ನಮ್ಮ ಅಂಗಡಿಯಲ್ಲಿ ಮೊದಲಿನಿಂದ ಹಂಚಿಕೊಂಡ ಕೆಲಸ. ಕಬ್ಬಿಣ ಆರ್ಲೋನದು, ಮರ ನನ್ನದು. ನಾಲ್ಕು ವರ್ಷದ ಹಿಂದೆ ರಾಯ್ಸ್ ತನ್ನ ಅಪ್ಪನ ಹಳೇ ರೈಫಲ್ ತಂದಾಗ ಆರ್ಲೋ ಅದರ ಮೈಯನ್ನೆಲ್ಲ ಲೇತಿನಲ್ಲಿ ನೇರ ಮಾಡಿ, ಹೊಸ ನಳಿಗೆ ಕೂರಿಸಿ, ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಬೆರಳು ಮುಟ್ಟಿದರೆ ಬೀಳುವಷ್ಟು ನಯ ಮಾಡಿ, ಒದೆತ ತಗ್ಗಲೆಂದು ಮೂತಿಗೆ ತೂತಿನ ಟೋಪಿ ಹಾಕಿದ. ನಾನು ವಾಲ್ನಟ್ ದಿಮ್ಮಿ ಆರಿಸಿ, ದರ್ಜಿ ಅಂಗಿಗೆ ಅಳತೆ ತೆಗೆದ ಹಾಗೆ ರಾಯ್ಸ್‌ನ ತೋಳು, ಕತ್ತು, ಕೆನ್ನೆ ಅಳೆದು ಹಿಡಿ ಕೊರೆದೆ. ಮೂರು ತಿಂಗಳ ಕೆಲಸ. ಗಂಡಹೆಂಡತಿ ಸೇರಿ ಮಾಡಿದ್ದರಲ್ಲೆಲ್ಲ ಅದೇ ಚೆಂದದ್ದು ಅಂತ ಆರ್ಲೋ ಹೇಳುತ್ತಿದ್ದ.

ಅದೇ ಅವನನ್ನು ಕೊಂದಿತು.

ಸೋಮವಾರದಿಂದ ಗುರುವಾರದವರೆಗೆ ನಾನು ಏನೇನು ಯೋಚಿಸಿದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ನಾನೇನು ದೇವತೆಯಲ್ಲ. ಹೊಸ ನಳಿಗೆಯಲ್ಲಿ ತೋಟಾ ಕೂರುವ ಗೂಡನ್ನು ನಾನೇ ಕೊರೆಯಬೇಕು. ಕೊರೆಯುವ ಕೈ ಕೊಂಚ ಜಾರಿದರೆ ಸಾಕು, ಮ್ಯಾಗ್ನಮ್ಮಿನ ಅಷ್ಟೂ ಬೆಂಕಿ ಮುಂದೆ ಹೋಗುವ ಬದಲು ಹಿಂದಕ್ಕೆ, ಹೊಡೆದವನ ಕಣ್ಣಿಗೇ ಬರುತ್ತದೆ. ಮಂಗಳವಾರ ಮಧ್ಯಾಹ್ನ ಲೇತಿನ ಮುಂದೆ ಎರಡು ಗಂಟೆ ನಿಂತಿದ್ದೆ.

ನನ್ನನ್ನು ತಡೆದದ್ದು ಕರುಣೆಯಲ್ಲ. ಹಾಗೆ ಸತ್ತರೆ ಯಾತಕ್ಕೆ ಸತ್ತೆನೆಂದು ಅವನಿಗೆ ಗೊತ್ತಾಗುವುದಿಲ್ಲವಲ್ಲ. ಆರ್ಲೋನ ಹೆಸರನ್ನು ಅವನ ಬಾಯಿಂದಲೇ ಹೊರಡಿಸಬೇಕಿತ್ತು. ಆಮೇಲೆ ಅವನು ಸೆರೆಮನೆಯಲ್ಲಿ ಮುದುಕನಾಗಿ, ಹಲ್ಲುದುರಿ, ಯಾರೂ ನೋಡಲು ಬರದೆ ಕೊಳೆಯಬೇಕಿತ್ತು.

ಅದಕ್ಕೇ ಮರ್ಲ್‌ಗೆ ಫೋನು ಮಾಡಿದೆ.

ಮರ್ಲ್ ಓಡೆಗಾರ್ಡ್ ಶೆರಿಫ್ ಕಚೇರಿಯ ಡೆಪ್ಯುಟಿ. ಆ ಕಚೇರಿಯಲ್ಲಿ ನನ್ನ ಮಾತು ನಂಬಿದವನು ಅವನೊಬ್ಬನೇ. ಐದು ಗೀರಿನ ವಿಷಯ ಹೇಳಿದ್ದೂ ಅವನೊಬ್ಬನಿಗೇ. ಶೆರಿಫ್ ಕಿವಿಗೆ ಬೀಳಿಸಬೇಡ, ಅವನು ಕ್ಯಾಂಟ್ರೆಲ್‌ನ ಹೆಂಡತಿಯ ಅಣ್ಣ, ಎಲ್ಲ ಮುಚ್ಚಿಹಾಕುತ್ತಾನೆ ಅಂತ ಎಚ್ಚರಿಸಿದವನೂ ಅವನೇ. ಪ್ರತಿ ಭಾನುವಾರ ಚರ್ಚು ಬಿಟ್ಟ ಮೇಲೆ ಬಂದು, ಕಾಫಿ ಕುಡಿದು, ಎಷ್ಟು ನಳಿಗೆ ನೋಡಿದೆ ನೆಟ್ಟಿ, ಇನ್ನೆಷ್ಟಿದೆ, ಅಂತ ಕೇಳಿ ಹೋಗುತ್ತಿದ್ದ. ಹನ್ನೊಂದು ತಿಂಗಳಲ್ಲಿ ನನ್ನ ಮನೆಯ ಕುರ್ಚಿಯಲ್ಲಿ ಕೂತ ಬೇರೆ ಗಂಡಸಿಲ್ಲ.

ಕ್ಯಾಂಟ್ರೆಲ್ ರೈಫಲ್ ತಂದು ನನ್ನ ಹತ್ತಿರವೇ ಕೊಟ್ಟಿದ್ದಾನೆ ಅಂದಾಗ ಫೋನಿನಲ್ಲಿ ಮರ್ಲ್ ಬಹಳ ಹೊತ್ತು ಮಾತಾಡಲಿಲ್ಲ. ಪಾಪ, ಗಂಟಲು ಕಟ್ಟಿರಬೇಕು ಅಂದುಕೊಂಡೆ. ಆಮೇಲೆ ಮೆಲ್ಲಗೆ ಹೇಳಿದ: ಗುರುವಾರ ಹತ್ತಕ್ಕೆ ಅವನನ್ನು ಕರೆಸು, ಮಾತಿಗೆ ಎಳೆ, ನಾನು ಹಿಂದಿನ ಕೋಣೆಯಲ್ಲಿ ಇರುತ್ತೇನೆ, ಅವನ ಬಾಯಿಂದ ಬಂದದ್ದನ್ನು ನಾನು ಕಿವಿಯಾರೆ ಕೇಳಿದರೆ ಸಾಕು.

ಹಾಗಾಗಿ ಈಗ ರಾಯ್ಸ್ ನನ್ನ ಎದುರು ಕೂತಿದ್ದ. ಮರ್ಲ್ ಹಿಂದಿನ ಕೋಣೆಯಲ್ಲಿ, ನಾನು ಮಾಡಿಕೊಟ್ಟ ಕಾಫಿ ಹಿಡಿದುಕೊಂಡು, ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ. ಅವನ ಗಾಡಿ ಕೊಟ್ಟಿಗೆಯ ಹಿಂದೆ ಮರೆಯಲ್ಲಿತ್ತು.

ನಳಿಗೆಯನ್ನು ಎತ್ತಿ ರಾಯ್ಸ್‌ನ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಎಣಿಸು ಅಂದೆ. ಅವನು ಎಣಿಸಿದ. ತುಟಿ ಅಲ್ಲಾಡಿದ್ದು ಕಾಣಿಸಿತು.

"ಎಷ್ಟು?"

"ಐದು."

"ಮೂತಿಯ ಹತ್ರ ಗೀಚಿದೆ ನೋಡು. ಕಬ್ಬಿಣದ ಕಡ್ಡಿ ಹಾಕಿ ಉಜ್ಜಬೇಡ ಅಂತ ಆರ್ಲೋ ಬಡ್ಕೊಂಡಿದ್ದ. ನೀನು ಕೇಳಲಿಲ್ಲ."

ಅವನು ತಲೆ ತಗ್ಗಿಸಿದ.

"ಆ ಗೀಚು ನನ್ನ ಗಂಡನ ಬೆನ್ನಿಂದ ತೆಗೆದ ಗುಂಡಿನ ಮೇಲೂ ಇದೆ. ನಾನು ಕಣ್ಣಾರೆ ನೋಡಿದೀನಿ. ಈಗ ಹೇಳು, ನಿನ್ನ ನಳಿಗೆಗೆ ಏನು ರೋಗ ಬಂದಿತ್ತು?"

ಹಾರಾಡುತ್ತಾನೆ, ವಕೀಲರ ಹೆಸರು ಹೇಳುತ್ತಾನೆ, ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಾನೆ ಅಂತ ನಾನು ಎಲ್ಲದಕ್ಕೂ ತಯಾರಾಗಿದ್ದೆ. ಅವನು ನಳಿಗೆಯನ್ನು ಮಗುವನ್ನು ಮಲಗಿಸುವ ಹಾಗೆ ಟವೆಲಿನ ಮೇಲೆ ವಾಪಸ್ಸು ಇಟ್ಟ.

"ಗೊತ್ತು ಮೇಡಮ್. ಗೊತ್ತಿದ್ದೇ ತಂದೆ."

ನಾನು ನಳಿಗೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ರೈಫಲ್ ನನ್ನದೇ. ಆದರೆ ಆವತ್ತು ಅದು ನನ್ನ ಕೈಲಿರಲಿಲ್ಲ. ಸೀಸನ್ನಿನ ಹಿಂದಿನ ದಿನ ಒಬ್ಬರಿಗೆ ಎರವಲು ಕೊಟ್ಟಿದ್ದೆ. ನಾಲ್ಕನೇ ದಿನ ವಾಪಸ್ ಬಂತು. ಆಮೇಲೆ ನಾನದನ್ನ ಮುಟ್ಟಿಲ್ಲ, ಅದರ ಒಂದು ತಿರುಪೂ ತಿರುಗಿಸಿಲ್ಲ."

ನಾನು ನಕ್ಕೆ. ಹನ್ನೊಂದು ತಿಂಗಳಲ್ಲಿ ನಕ್ಕಿದ್ದು ಅದೇ ಮೊದಲು, ಕೆಟ್ಟ ನಗು. ನಮ್ಮ ಊರಲ್ಲಿ ಟ್ರಕ್ ಕೊಡುತ್ತಾರೆ, ಕುದುರೆ ಕೊಡುತ್ತಾರೆ, ಹುಲ್ಲು ಕೊಯ್ಯುವ ಯಂತ್ರ ಕೊಟ್ಟು ಡೀಸೆಲ್ಲನ್ನೂ ತುಂಬಿಸಿ ಕಳಿಸುತ್ತಾರೆ. ಮೈಯಳತೆಗೆ ಮಾಡಿಸಿದ ರೈಫಲ್ಲನ್ನು ಯಾರೂ ಯಾರಿಗೂ ಕೊಡುವುದಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಯಾರಾದರೂ ಎರವಲು ಕೊಡುತ್ತಾರೆಯೇ? ಅದನ್ನೇ ಅವನ ಮುಖಕ್ಕೆ ಹೇಳಿದೆ. ಹೇಳುವುದಾದರೆ ನಂಬುವಂಥ ಸುಳ್ಳು ಹೇಳು ಅಂದೆ.

ಅವನ ಕಣ್ಣು ಹಿಂದಿನ ಕೋಣೆಯ ಬಾಗಿಲ ಕಡೆ ಹೋಗಿ ಬಂತು.

"ಇಲ್ಲಿ ಯಾರೂ ಇಲ್ಲ ಅಲ್ವಾ ಮೇಡಮ್?"

"ಯಾರೂ ಇಲ್ಲ."

"ನಾನು ಹೇಳಿದ್ದು ನೋಡಿದ್ರಾ ನೀವು?"

"ನೋಡಬೇಕಾದ್ದೆಲ್ಲ ನೋಡಿದೀನಿ. ಯಾರಿಗೆ ಕೊಟ್ಟೆ, ಹೆಸರು ಹೇಳು."

ಅವನು ಕುರ್ಚಿಯ ತುದಿಗೆ ಜರುಗಿದ. ದನಿ ತಗ್ಗಿಸಿದ. ನನ್ನ ಹೆಂಡತಿಗೂ ಹೇಳಿಲ್ಲ, ಹೇಳಿದರೆ ನಂಬೋರು ಯಾರು, ರೈಫಲ್ ನನ್ನದು, ಜಮೀನು ನನ್ನದು, ಎರವಲು ಒಯ್ದವನು ಒಂದು ಮಾತು ಬರೆದರೆ ನಾನೇ ನೇಣಿಗೆ, ಅಂದ. ನಳಿಗೆ ತೆಗೆಸಿಬಿಡು, ದೂರದ ಊರಿಗೆ ಹೋಗಿ ತೆಗೆಸು, ಅಂತ ಬೇಸಿಗೆಯಿಡೀ ಅವನೇ ಬೆನ್ನು ಹತ್ತಿದ್ದನಂತೆ.

"ದೂರದ ಊರಿಗೆ ಹೋಗಿದ್ರೆ ಎಲ್ಲ ಮುಗಿದುಹೋಗ್ತಿತ್ತು. ಮನಸ್ಸು ಒಪ್ಪಲಿಲ್ಲ, ನಿಮ್ಮ ಹತ್ರ ತಂದೆ. ಆವತ್ತು ಅವನು ಬಂದು ಕೇಳಿದಾಗ ಇಲ್ಲ ಅನ್ನೋ ಹಾಗಿರಲಿಲ್ಲ ಮೇಡಮ್. ಅವನು..."

ಹಿಂದಿನ ಬಾಗಿಲು ತೆರೆಯಿತು.

ಮರ್ಲ್ ಅವಸರವಿಲ್ಲದೆ ನಡೆದು ಬಂದ. ಗಿಡ್ಡ ಆಳು, ನನಗಿಂತ ಒಂದಂಗುಲ ಹೆಚ್ಚೋ ಏನೋ. ಯಾರನ್ನಾದರೂ ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸಿ ನೋಡುವ ಅಭ್ಯಾಸ. ರಾಯ್ಸ್ ಕಡೆ ಹಾಗೆ ತಿರುಗಿ ನಿಂತು, ಸಾಕು ರಾಯ್ಸ್, ಉಳಿದದ್ದನ್ನು ಪಟ್ಟಣದಲ್ಲಿ ಹೇಳುವೆಯಂತೆ, ಅಂದ.

ರಾಯ್ಸ್‌ನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಅವನು ಮರ್ಲ್‌ನನ್ನು ನೋಡಲಿಲ್ಲ, ನನ್ನನ್ನೇ ನೋಡಿದ.

"ಯಾರೂ ಇಲ್ಲ ಅಂದ್ರಲ್ಲ ಮೇಡಮ್" ಅಂದ.

ಆಮೇಲೆ ಅವನು ಬಾಯಿ ಬಿಡಲಿಲ್ಲ. ಅಂಥ ದೊಡ್ಡ ದೇಹ ಒಂದು ಮಾತಿಲ್ಲದೆ ಎದ್ದು, ಕೈಗಳನ್ನು ಹಿಂದಕ್ಕೆ ಕೊಟ್ಟಿತು. ಸಿಕ್ಕಿಬಿದ್ದ ಕಳ್ಳ, ಕಾನೂನು ಕಂಡ ತಕ್ಷಣ ನಾಲಿಗೆ ಬಿದ್ದುಹೋಯಿತು ಅಂದುಕೊಂಡೆ. ಕೋಳ ಬಿಗಿಯಾಗಿಯೇ ಹಾಕು ಅಂತ ಮರ್ಲ್‌ಗೆ ಹೇಳಿದೆ. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮರ್ಲ್ ನಳಿಗೆಯನ್ನು ಬಿಳಿ ಟವೆಲಿನಲ್ಲೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ರಾಜಧಾನಿಯ ಪ್ರಯೋಗಶಾಲೆಗೆ ತಾನೇ ಒಯ್ಯುತ್ತೇನೆ, ಆವರೆಗೆ ಯಾರ ಹತ್ತಿರವೂ ಉಸಿರೆತ್ತಬೇಡ, ಶೆರಿಫ್ ಹತ್ತಿರವಂತೂ ಬೇಡವೇ ಬೇಡ ಅಂದ. ನನ್ನ ಭುಜ ತಟ್ಟಿ, ಇವತ್ತು ಆರ್ಲೋಗೆ ಶಾಂತಿ ಸಿಗುತ್ತೆ ನೆಟ್ಟಿ, ಅಂತಲೂ ಅಂದ. ನನ್ನ ಕಣ್ಣು ತುಂಬಿತು.

ಗಾಡಿಯ ಸದ್ದು ಅಡಗುವವರೆಗೂ ಬಾಗಿಲಲ್ಲೇ ನಿಂತಿದ್ದೆ.

ಆಮೇಲೆ ಕೈಗೆ ಕೆಲಸವಿಲ್ಲದೆ ಏನು ಮಾಡಬೇಕೋ ತಿಳಿಯಲಿಲ್ಲ. ಕಾಫಿ ಬಗ್ಗಿಸಿಕೊಂಡೆ, ಕುಡಿಯಲಾಗಲಿಲ್ಲ. ಹಿಂದಿನ ಕೋಣೆಯಿಂದ ಮರ್ಲ್‌ನ ಲೋಟ ತಂದು ತೊಳೆದಿಟ್ಟೆ. ನೆಲ ಗುಡಿಸಿದೆ. ಗುಡಿಸುವಾಗ ಮೇಜಿನ ಕೆಳಗೆ ರಾಯ್ಸ್‌ನ ಚೀಲ ಪೊರಕೆಗೆ ತಗುಲಿತು.

ಅದರಲ್ಲಿದ್ದ ಹಿಡಿ ನನ್ನ ಕೈಕೆಲಸ. ಕೊಲೆಗಾರನದೇ ಇರಲಿ, ಆ ಮರ ಏನು ತಪ್ಪು ಮಾಡಿತ್ತು? ಸೋಮವಾರದಿಂದ ಅದನ್ನು ಧೂಳಿನಲ್ಲಿ ಒದ್ದಿಟ್ಟಿದ್ದೆನಲ್ಲ ಅಂತ ಸಂಕಟವಾಯಿತು. ಎತ್ತಿ ತೆಗೆದು ಎಣ್ಣೆಬಟ್ಟೆಯಲ್ಲಿ ಒರೆಸಿದೆ. ಒರೆಸಿದ ಮೇಲೆ ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಅದನ್ನು ಭುಜಕ್ಕೇರಿಸಿತು.

ನನ್ನ ಭುಜಕ್ಕೆ ಸರಿಯಾಗಿ ಕೂತಿತು.

ನಾನು ಐದಡಿ ಮೂರಂಗುಲದವಳು. ರಾಯ್ಸ್‌ಗೆ ಅಳೆದು ಮಾಡಿದ ಹಿಡಿ ನನಗೆ ಎರಡಂಗುಲ ಅತ್ತ ಚಾಚಬೇಕು, ಕುದುರೆಯ ಜಾಗಕ್ಕೆ ಬೆರಳೇ ಎಟುಕಬಾರದು. ಇದು ನನಗೇ ಹೊಲಿದ ರವಿಕೆಯ ಹಾಗೆ ಬಂದು ಕೂತಿತು. ಇಳಿಸಿ ಹಿಂಬದಿ ನೋಡಿದೆ. ನಾನು ಅಲ್ಲಿ ಅರ್ಧ ಅಂಗುಲದ ನಾಲ್ಕು ಬಿಲ್ಲೆ ಕೂರಿಸಿದ್ದೆ, ಉದ್ದ ಬೇಕಾದಂತೆ ಹೆಚ್ಚಿಸಲು, ತಗ್ಗಿಸಲು. ಚಳಿಗೆ ದಪ್ಪ ಕೋಟು ಹಾಕಿದಾಗ ಒಂದು ಬಿಲ್ಲೆ ತೆಗೆಯುವುದುಂಟು. ಇಲ್ಲಿ ನಾಲ್ಕೂ ಇರಲಿಲ್ಲ.

ಚೀಲದ ಪಕ್ಕದ ಜೇಬಿಗೆ ಕೈ ಹಾಕಿದೆ. ನಾಲ್ಕೂ ಅಲ್ಲಿದ್ದವು.

ಬಿಲ್ಲೆ ತೆಗೆದವನು ವಾಪಸ್ಸು ಹಾಕದೆ ಕೊಟ್ಟಿದ್ದ. ರಾಯ್ಸ್ ಹಾಗೆಯೇ ಬಿಟ್ಟಿದ್ದ. ಒಂದು ತಿರುಪೂ ತಿರುಗಿಸಿಲ್ಲ ಅಂದಿದ್ದು ಇದನ್ನೇ. ಮರ ನೋಡಿ, ಮರ ನೋಡಿ ಅಂತ ಎರಡೆರಡು ಸಲ ಹೇಳಿ ಹೋಗಿದ್ದು ಇದಕ್ಕೇ. ಹಿಡಿ ಅಳೆದು ಮಾಡುವುದೇ ನನ್ನ ಕಸುಬು. ಕಬ್ಬಿಣದ ಹಿಂದೆ ಬಿದ್ದು ನನ್ನ ಕಸುಬನ್ನೇ ನಾನು ಒದ್ದು ಮೂಲೆಗೆ ಹಾಕಿದ್ದೆ.

ಮತ್ತೆ ಭುಜಕ್ಕೇರಿಸಿದೆ. ಉದ್ದ ಸರಿ, ಆದರೆ ಕೆನ್ನೆ ಸರಿಯಿಲ್ಲ. ಕೆನ್ನೆ ಆನಿಸುವ ಹಲಗೆಯನ್ನು ಯಾರೋ ತಿರುಪು ಸಡಿಲಿಸಿ, ಪೂರ್ತಿ ಮೇಲಕ್ಕೆ ಎತ್ತಿ ಬಿಗಿದಿದ್ದರು. ಸಾಮಾನ್ಯರು ಬಂದೂಕಿಗೆ ಕೆನ್ನೆ ಕೊಡಲು ಕತ್ತು ಬಾಗಿಸುತ್ತಾರೆ. ಇಷ್ಟು ಎತ್ತರದ ಹಲಗೆ ಬೇಕಾಗುವುದು ಕತ್ತು ಬಗ್ಗದವನಿಗೆ.

ಹಿಡಿಯನ್ನು ಮೇಜಿನ ಮೇಲಿಟ್ಟೆ.

ಎರಡು ಚಳಿಗಾಲದ ಹಿಂದೆ ನಾನು ಅಂಥ ಒಂದು ಹಿಡಿ ಮಾಡಿಕೊಟ್ಟಿದ್ದೆ. ಕುದುರೆಯಿಂದ ಬಿದ್ದು ಕತ್ತಿನ ಮೂಳೆ ಕೂಡಿಕೊಂಡವನಿಗೆ. ಅಳತೆ ತೆಗೆಯುವಾಗ, ನಿನಗೆ ಹಿಡಿ ಮಾಡೋದಕ್ಕಿಂತ ಕಂಬಕ್ಕೆ ಮಾಡೋದು ಸುಲಭ, ಕಣೋ ಮರ್ಲ್, ಅಂತ ತಮಾಷೆ ಮಾಡಿದ್ದೆ. ಅಳತೆ ನನಗೆ ಮರೆಯುವುದಿಲ್ಲ. ಹಿಂಬದಿಯಿಂದ ಕುದುರೆಗೆ ಹದಿಮೂರು ಅಂಗುಲ. ಹಲಗೆ ಮಾಮೂಲಿಗಿಂತ ಒಂದು ಹೆಬ್ಬೆರಳು ಎತ್ತರ.

ಟೇಪು ಹಿಡಿದೆ. ಹದಿಮೂರು. ಒಂದು ಹೆಬ್ಬೆರಳು.

ಆವತ್ತು ಫೋನಿನಲ್ಲಿ ಮರ್ಲ್ ಮಾತಿಲ್ಲದೆ ನಿಂತದ್ದು ಗಂಟಲು ಕಟ್ಟಿ ಅಲ್ಲ. ಭಾನುವಾರ ಭಾನುವಾರ ಬಂದು ಎಷ್ಟು ನಳಿಗೆ ಉಳಿದಿದೆ ಅಂತ ಕೇಳುತ್ತಿದ್ದದ್ದು ನನಗಾಗಿ ಅಲ್ಲ. ಆರ್ಲೋನ ಕುರ್ಚಿಯಲ್ಲಿ ಕೂತು, ಆರ್ಲೋನ ಲೋಟದಲ್ಲಿ ಕಾಫಿ ಕುಡಿದು, ನಾನು ಅತ್ತಾಗ ನನ್ನ ಕೈಗೆ ಕರವಸ್ತ್ರ ಕೊಟ್ಟಿದ್ದ. ಯಾಕೆ ಕೊಂದನೋ ನನಗೆ ಇನ್ನೂ ಗೊತ್ತಿಲ್ಲ. ಕೊಂದದ್ದು ಮಾತ್ರ ಗೊತ್ತಾಯಿತು. ನಳಿಗೆಯನ್ನೂ ಅದರ ಬಗ್ಗೆ ಬಾಯಿ ಬಿಡಬಲ್ಲ ಒಬ್ಬನೇ ಸಾಕ್ಷಿಯನ್ನೂ ಕೋಳ ಬಿಗಿಸಿ ಅವನ ಕೈಗೆ ಕೊಟ್ಟವಳು ನಾನೇ.

ಶೆರಿಫ್ ಕಚೇರಿಗೆ ಫೋನು ಮಾಡಿದೆ. ಡೋರೀನ್ ಎತ್ತಿಕೊಂಡಳು, ಇಪ್ಪತ್ತು ವರ್ಷದಿಂದ ಅಲ್ಲಿ ಫೋನಿಗೆ ಕೂರುವವಳು. ಮರ್ಲ್ ಬಂದನಾ ಅಂತ ಕೇಳಿದೆ, ದನಿ ಆದಷ್ಟು ಸಾಮಾನ್ಯ ಮಾಡಿಕೊಂಡು.

"ಮರ್ಲ್ ಇವತ್ತು ರಜಾ ಕಣೇ ನೆಟ್ಟಿ. ಕಚೇರಿ ಗಾಡಿ ಇಲ್ಲೇ ನಿಂತಿದೆ ನೋಡು. ಯಾಕೆ, ಏನಾದ್ರೂ ಇತ್ತಾ?"

ಇಲ್ಲ, ಕೇಕು ಮಾಡಿದ್ದೆ, ಕೊಡೋಣ ಅಂತ, ಅಂದೆ. ಯಾಕೆ ಹಾಗಂದೆನೋ ಆಗ ನನಗೇ ತಿಳಿಯಲಿಲ್ಲ.

ಗೋಡೆಯ ಮೊಳೆಯಿಂದ ಟ್ರಕ್ಕಿನ ಕೀಲಿ ತೆಗೆದುಕೊಂಡೆ. ಏಳನೆಯ ನಳಿಗೆ, ಆರ್ಲೋನ ಸ್ವಂತದ ಮ್ಯಾಗ್ನಮ್, ಗಾಜಿನ ಬೀರುವಿನಲ್ಲಿತ್ತು. ಅದನ್ನೂ ತೆಗೆದುಕೊಂಡೆ. ಹನ್ನೊಂದು ತಿಂಗಳು ಪ್ರತಿ ಊಟಕ್ಕೆ ಮುಂಚೆ ರಾಯ್ಸ್ ಕ್ಯಾಂಟ್ರೆಲ್ ಸಾಯಲಿ ಅಂತ ಬೇಡಿಕೊಂಡವಳು, ಅವನೊಬ್ಬ ಬದುಕಿರಲಿ ದೇವರೇ ಅಂತ ಬಾಯಿಬಿಟ್ಟು ಹೇಳಿಕೊಳ್ಳುತ್ತ ಬಾಗಿಲವರೆಗೆ ಹೋದೆ.

ಫೋನು ಬಡಿದುಕೊಂಡಿತು.

"ನೆಟ್ಟಿ, ನಾನು ಮರ್ಲ್." ಗಾಳಿಯ ಸದ್ದು ಜೋರಾಗಿತ್ತು.

ನಮ್ಮ ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಎರಡೇ ಕಡೆ. ಒಂದು ಪಟ್ಟಣ. ಪಟ್ಟಣದಲ್ಲಿ ಆ ಗಾಳಿಯಿಲ್ಲ. ಇನ್ನೊಂದು ಆರ್ಲೋ ಬಿದ್ದ ದಿಣ್ಣೆಯ ನೆತ್ತಿ.

"ಹೇಳು" ಅಂದೆ.

"ಒಂದು ಮರೆತೇಬಿಟ್ಟೆ ನೋಡು. ಆ ರೈಫಲ್ಲಿನ ಹಿಡಿ ಅಲ್ಲೇ ಇದ್ಯಾ?"

"ಇದೆ. ಮೇಜಿನ ಕೆಳಗೆ ಬಿದ್ದಿದೆ."

"ಮುಟ್ಟಿಲ್ಲ ತಾನೇ?"

"ಮುಟ್ಟೋಕೆ ಹೇಸಿಗೆ ಆಗುತ್ತೆ ಮರ್ಲ್."

ಅವನು ಉಸಿರು ಬಿಟ್ಟದ್ದು ಕೇಳಿಸಿತು. ಒಳ್ಳೇದು, ಅದೂ ಸಾಕ್ಷಿ, ಹಾಗೇ ಇರಲಿ, ಇಪ್ಪತ್ತು ನಿಮಿಷದಲ್ಲಿ ಬಂದು ತಗೊಂಡು ಹೋಗ್ತೀನಿ ಅಂದ.

"ರಾಯ್ಸ್ ಎಲ್ಲಿ?" ಅಂತ ಕೇಳಿದೆ.

ಗಾಳಿಯ ನಡುವೆ ಅವನ ಗಾಡಿಯ ಬಾಗಿಲು ಮುಚ್ಚಿದ್ದು ಕೇಳಿಸಿತು.

"ಅವನ ಚಿಂತೆ ಬಿಡು. ಅವನು ಇನ್ನು ನಿನಗೆ ತೊಂದರೆ ಕೊಡಲ್ಲ."

ಟ್ರಕ್ಕಿನ ಕೀಲಿಯನ್ನು ಮೇಜಿನ ಮೇಲೆ ಹಾಕಿದೆ. ನನ್ನ ದನಿ ಹೇಗೋ ಕುಸಿಯಲಿಲ್ಲ.

"ಬಾ ಹಾಗಾದ್ರೆ. ಕಾಫಿ ಬಿಸಿ ಮಾಡಿರ್ತೀನಿ" ಅಂದೆ.

ಹಿಡಿಯನ್ನು ಚೀಲಕ್ಕೆ ಹಾಕಿ, ಮೊದಲಿದ್ದ ಹಾಗೆಯೇ ಮೇಜಿನ ಕೆಳಗೆ ತಳ್ಳಿದೆ. ಆರ್ಲೋನ ರೈಫಲ್ಲಿಗೆ ಮೂರು ತೋಟಾ ತುಂಬಿದೆ, ಅವನೇ ಕೂತು ತೂಗಿ, ಅಳೆದು ಕಟ್ಟಿಟ್ಟಿದ್ದ ತೋಟಾಗಳು. ಬೋಲ್ಟು ಮುಚ್ಚಿದೆ. ಹಿಂದಿನ ಕೋಣೆಯ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದು, ಅಲ್ಲಿಂದ ಮೇಜಿನ ಎದುರಿನ ಕುರ್ಚಿ ಚೆನ್ನಾಗಿ ಕಾಣುತ್ತದೆಯೇ ಅಂತ ನೋಡಿಕೊಂಡೆ.

ಪಟ್ಟಣದಿಂದ ಶೆರಿಫ್ ಇಲ್ಲಿಗೆ ಬರಲು ಹದಿನೈದು ನಿಮಿಷ ಸಾಕು. ಈಗ ಹೇಳಿದರೆ ಮರ್ಲ್‌ಗಿಂತ ಮೊದಲೇ ಬಂದು ಕೂತಿರಬಹುದು. ಹೆಂಡತಿಯ ಅಣ್ಣನೋ ಮತ್ತೊಂದೋ, ರಾಯ್ಸ್‌ಗಾಗಿಯಾದರೂ ಓಡಿ ಬಂದಾನು. ರಾಯ್ಸ್‌ನಲ್ಲಿ ಇನ್ನೂ ಉಸಿರಿದ್ದರೆ, ಆ ದಿಣ್ಣೆಗೆ ಜನ ಹೋದರೆ, ಉಳಿದರೂ ಉಳಿದಾನು.

ಫೋನು ಎತ್ತಿದೆ. ಡೋರೀನಳ ನಂಬರಿನ ಮೊದಲ ಮೂರು ಅಂಕಿ ಒತ್ತಿದೆ.

ಶೆರಿಫ್ ಬಂದರೆ ಮರ್ಲ್‌ನನ್ನು ಹಿಡಿಯುತ್ತಾನೆ. ಮರ್ಲ್ ವಕೀಲನನ್ನು ಇಡುತ್ತಾನೆ. ನಳಿಗೆ ಈಗಾಗಲೇ ಯಾವ ಕೊರಕಲಿಗೆ ಬಿದ್ದಿದೆಯೋ. ಗುಂಡು ಅವನ ಕಚೇರಿಯ ಸಾಕ್ಷಿಪೆಟ್ಟಿಗೆಯಲ್ಲಿದೆ, ಅಂದರೆ ಅದೂ ಇಲ್ಲ. ಉಳಿಯುವುದು ಒಂದು ಮರದ ಹಿಡಿ, ಒಬ್ಬ ಮುದುಕಿಯ ಟೇಪು. ಮುಂದಿನ ಭಾನುವಾರ ಅವನು ಚರ್ಚಿನಲ್ಲಿ ನನ್ನ ಮುಂದಿನ ಬೆಂಚಿನಲ್ಲೇ ಕೂತಿರುತ್ತಾನೆ.

ದೂರದಲ್ಲಿ, ಸೇತುವೆಯ ಹಲಗೆಗಳ ಮೇಲೆ ಗಾಡಿ ದಡದಡ ಹಾಯ್ದ ಸದ್ದು ಕೇಳಿತು. ಇಪ್ಪತ್ತು ನಿಮಿಷ ಅಂದಿದ್ದ, ಹತ್ತೂ ಆಗಿರಲಿಲ್ಲ.

ಉಳಿದ ಅಂಕಿ ಒತ್ತಲಿಲ್ಲ. ಫೋನು ಕೆಳಗಿಟ್ಟೆ.